ಹರದನಹಳ್ಳಿಯ ನೆಲ, ಗಣಕಯಂತ್ರದ ಲೆಕ್ಕ

ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿಯ ಹೊಲಗಳಲ್ಲಿ ನಿಂತು ಪೂರ್ವಕ್ಕೆ ದೃಷ್ಟಿ ಹಾಯಿಸಿದರೆ ದೂರದಲ್ಲಿ ಬಿಳಿಗಿರಿರಂಗನ ಬೆಟ್ಟಸಾಲು ತೋರುತ್ತದೆ. ಕಾಲ ಕೆಳಗಿನ ನೆಲವಾದರೋ ಬೆಟ್ಟದಂತಲ್ಲ. ಎತ್ತಿನ ಗಾಡಿ ಆಯಾಸವಿಲ್ಲದೆ ಸಾಗಬಲ್ಲದು. ಇಂತಹ ನೆಲದ ಇಳಿಜಾರನ್ನು ಗಣಕಯಂತ್ರದಿಂದ ಅಳೆಯಹೊರಟ ವಿದ್ಯಾರ್ಥಿಗೆ ಮೊದಲ ದಿನವೇ ದೊರೆಯಬಹುದಾದ ಉತ್ತರವೆಂದರೆ ೮೯ ಡಿಗ್ರಿ! ಹಳ್ಳಿಯೆಲ್ಲವೂ ಗೋಡೆಯಂತೆ ನೆಟ್ಟಗೆ ನಿಂತಿದೆಯೆಂದು ಇದರ ಅರ್ಥ. ಯಂತ್ರವು ಸುಳ್ಳು ಹೇಳಿತೆ?

ಯಂತ್ರಕ್ಕೆ ನೆಲವು ಹೇಗೆ ಕಾಣುತ್ತದೆಂಬುದನ್ನು ಮೊದಲು ತಿಳಿಯೋಣ. ೨೦೦೦ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ 'ಎಂಡೆವರ್' ವ್ಯೋಮನೌಕೆಯು ಹನ್ನೊಂದು ದಿನಗಳ ಯಾನದಲ್ಲಿ ರೇಡಾರ್ ಅಲೆಗಳನ್ನು ಬೀರಿ ಭೂಮಿಯ ನೆಲದ ಬಹುಭಾಗದ ಎತ್ತರವನ್ನು ಅಳೆಯಿತು. ಆ ಎತ್ತರಗಳನ್ನು ಚದುರಂಗದ ಹಾಸಿನಂತೆ ಚೌಕಗಳಲ್ಲಿ ಬರೆದಿಟ್ಟಿದ್ದಾರೆ. ಚೌಕಕ್ಕೆ ಒಂದೇ ಅಂಕಿ. ಇದೇ 'ರಾಸ್ಟರ್'. ಚೌಕದ ಬದಿ ಒಂದು ಸೆಕೆಂಡು, ಎಂದರೆ ಡಿಗ್ರಿಯ ೩೬೦೦ನೆಯ ಒಂದು ಪಾಲು. ಈ ಸೀಮೆಯಲ್ಲಿ ಸುಮಾರು ೩೦ ಮೀಟರು. ಈ ಅಂಕಿಗಳೂ ಅವುಗಳನ್ನು ಓದುವ 'ಕ್ಯೂಜಿಐಎಸ್' ಎಂಬ ತಂತ್ರಾಂಶವೂ ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ.

ಒಂದು ಚೌಕದ ಇಳಿಜಾರನ್ನು ತಿಳಿಯಲು ಯಂತ್ರವು ಸುತ್ತಲಿನ ಎಂಟು ಚೌಕಗಳನ್ನು ನೋಡುತ್ತದೆ. ನಾವು ಎರಡನ್ನೇ ನೋಡೋಣ. ಪಶ್ಚಿಮದ ಚೌಕ ೭೦೦ ಮೀಟರು, ಪೂರ್ವದ್ದು ೭೦೩ ಮೀಟರು ಎತ್ತರವೆನ್ನಿ. ಅವುಗಳ ನಡುಬಿಂದುಗಳ ಅಂತರ ೬೦ ಮೀಟರು. ೬೦ಕ್ಕೆ ೩ರ ಏರು. ಕೋನವು ಮೂರು ಡಿಗ್ರಿಗೂ ಕೊಂಚ ಕಡಿಮೆ. ಆದರೆ ಕಡತದಲ್ಲಿ ದೂರವು ಡಿಗ್ರಿಗಳಲ್ಲಿದೆ: ೧೮೦೦ನೆಯ ಒಂದು ಪಾಲು. ಯಂತ್ರವು ೩ನ್ನು ಅದರಿಂದಲೇ ಭಾಗಿಸುತ್ತದೆ, ೫೪೦೦ ಬರುತ್ತದೆ, ಹಳ್ಳಿ ಗೋಡೆಯಾಗುತ್ತದೆ! ಪಾಪ, ಮೀಟರನ್ನು ಡಿಗ್ರಿಯಿಂದ ಭಾಗಿಸಬಾರದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಭೂಪಟವನ್ನು ಮೊದಲು ಮೀಟರುಗಳ ಜಾಲಕ್ಕೆ (ಇಲ್ಲಿಗೆ ಯು.ಟಿ.ಎಂ. ಉತ್ತರ ೪೩ನೆಯ ವಲಯ) ಪರಿವರ್ತಿಸಿಕೊಂಡರೆ ಈ ದೋಷ ತೊಲಗುತ್ತದೆ.

ಇದು ಕಣ್ಣಿಗೆ ಹೊಡೆಯುವ ತಪ್ಪು. ಕಾಣದ ತಪ್ಪುಗಳೇ ಹೆಚ್ಚು ಅಪಾಯದವು. ದಟ್ಟವಾದ ಕಾಡಿನಲ್ಲಿ ರೇಡಾರ್ ಅಲೆಗಳು ನೆಲವನ್ನು ಪೂರ್ತಿಯಾಗಿ ಮುಟ್ಟುವುದಿಲ್ಲ. ಬಿಳಿಗಿರಿಯ ಕಾಡಿನ ಎತ್ತರದಲ್ಲಿ ಮರಗಳ ಎತ್ತರವೂ ಒಂದಿಷ್ಟು ಸೇರಿರುತ್ತದೆ. ಬಯಲಿನ ಕಥೆಯೇ ಬೇರೆ. ಕೆಲವೇ ಮೀಟರು ಅಗಲದ ಕೆರೆಯ ಏರಿಯು ೩೦ ಮೀಟರಿನ ಚೌಕದೊಳಗೆ ಅಡಗಿಹೋಗಬಹುದು. ಆಗ ಮಳೆನೀರಿನ ದಾರಿಯನ್ನು ಲೆಕ್ಕ ಹಾಕುವ ಯಂತ್ರವು ಏರಿಯನ್ನು ಸೀಳಿಕೊಂಡೇ ಹಳ್ಳವನ್ನು ಹರಿಸುತ್ತದೆ. ಆ ಪಟವನ್ನು ನಂಬಿ ಕಾಲುವೆ ತೋಡಿಸಿದರೆ ಗತಿಯೇನು?

ಆದುದರಿಂದ ವಿದ್ಯಾರ್ಥಿಯು ಒಮ್ಮೆ ಏರಿಯ ಮೇಲೆ ನಡೆದು ನೋಡಿ ಬರಬೇಕು. ಬಂದು, ಪಟದಲ್ಲಿ ಏರಿಯ ಗೆರೆಯನ್ನು ತಾನೇ ಎಳೆದು ಆ ಚೌಕಗಳ ಎತ್ತರವನ್ನು ಹೆಚ್ಚಿಸಬೇಕು. ಕೋಡಿಯ ಜಾಗವನ್ನು ಮಾತ್ರ ತಗ್ಗಾಗಿ ಬಿಡಬೇಕು. ಈಗ ಮತ್ತೆ ಲೆಕ್ಕ ಹಾಕಿಸಿದರೆ ಯಂತ್ರದ ಕೆರೆಯೂ ಮೊದಲು ತುಂಬಿಕೊಂಡು, ಆಮೇಲೆ ಕೋಡಿಯಲ್ಲಿಯೇ ಹರಿಯುತ್ತದೆ.