ಆಟವನ್ನು ಕಿವಿಗೆ ಕಾಣಿಸಿದ ಮೇಷ್ಟ್ರು

1949ರ ಮಾರ್ಚ್ ತಿಂಗಳು. ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ರೇಡಿಯೋದವರು ಒಂದು ಪರೀಕ್ಷೆ ಇಟ್ಟಿದ್ದರು. ಶಿಕ್ಷಕರ ತರಬೇತಿ ಕಾಲೇಜಿನ ಹುಡುಗರು ಹರ್ಲಿಂಗ್ ಆಟವೊಂದಕ್ಕೆ ತಲಾ ಐದು ನಿಮಿಷ ಐರಿಷ್ ಭಾಷೆಯಲ್ಲಿ ವೀಕ್ಷಕ ವಿವರಣೆ ನೀಡಬೇಕು. ಅವರಲ್ಲೊಬ್ಬ 18ರ ಹರೆಯದ ಮೀಹಾಲ್ ಓ ಮುರ್ಹರ್ಟಿ. ತಮಾಷೆಯೆಂದರೆ, ಅವನು ಅಲ್ಲಿಯವರೆಗೆ ಹರ್ಲಿಂಗ್ ಆಟವನ್ನೇ ನೋಡಿರಲಿಲ್ಲ!

ಹರ್ಲಿಂಗ್ ಐರ್ಲೆಂಡಿನ ಪುರಾತನ ಆಟ. ತಂಡಕ್ಕೆ 15 ಮಂದಿ, ಕೈಯಲ್ಲಿ ತುದಿ ಅಗಲವಾದ ಮರದ ಕೋಲು. ಚಿಕ್ಕ ಚೆಂಡಿನ ವೇಗಕ್ಕೆ ಕಣ್ಣೇ ಸೋಲುತ್ತದೆ. ಮೈದಾನದಲ್ಲಿದ್ದವರಲ್ಲಿ ಹುಡುಗನಿಗೆ ಗೊತ್ತಿದ್ದವನು ಒಬ್ಬ ಗೋಲ್‌ಕೀಪರ್ ಮಾತ್ರ. ತೀರ್ಪುಗಾರರಿಗೆ ಆಟ ಕಾಣುವುದಿಲ್ಲ ಎಂಬುದೂ ಅವನಿಗೆ ತಿಳಿದಿತ್ತು. ಸರಿ, ವಿವರಣೆಯ ತುಂಬ ಗೋಲ್‌ಕೀಪರನದೇ ಸಾಹಸ! ಗೋಲು ಕಾಯುವವನೂ ಅವನೇ, ಮೈದಾನದ ದೂರದ ಅಂಚಿಗೆ ಓಡಿ ಚೆಂಡು ಹೊಡೆಯುವವನೂ ಅವನೇ.

ಹುಡುಗ ಆಯ್ಕೆಯಾದ. ಅದೇ ತಿಂಗಳು ಸಂತ ಪ್ಯಾಟ್ರಿಕ್‌ರ ಹಬ್ಬದಂದು ರೈಲ್ವೆ ಕಪ್ ಫೈನಲ್‌ನ ವಿವರಣೆ ನೀಡಿದ.

ಕಲ್ಪನೆ ಒಂದು ದಿನದ ಪರೀಕ್ಷೆ ದಾಟಿಸೀತು, ಅರವತ್ತು ವರ್ಷ ಕೈಹಿಡಿಯಲಾರದು. ಮುಂದೆ ಮೀಹಾಲ್‌ರ ಕೈಹಿಡಿದದ್ದು ಅವರ ತಯಾರಿ. ಡಬ್ಲಿನ್‌ನ ಶಾಲೆಗಳಲ್ಲಿ ಪಾಠ ಹೇಳುತ್ತಲೇ ವಿವರಣೆ ನೀಡುತ್ತಿದ್ದ ಅವರು 1980ರ ದಶಕದಲ್ಲಿ ಪೂರ್ಣಾವಧಿಗೆ ಪ್ರಸಾರಕ್ಕೆ ಬಂದರು. ಈ ಆಟಗಾರರು ಸಂಬಳಕ್ಕೆ ಆಡುವವರಲ್ಲ, ತಮ್ಮ ಜಿಲ್ಲೆಯ ಹೆಸರಿಗಾಗಿ ಆಡುವವರು. ಆದ್ದರಿಂದ ಚೆಂಡು ಯಾರ ಬಳಿ ಇದೆ ಎಂದಷ್ಟೇ ಹೇಳಿದರೆ ಮೀಹಾಲ್‌ರಿಗೆ ಸಾಲದು. ಅವನ ಊರು, ಮನೆತನ, ಬಂಧುಬಳಗ ಎಲ್ಲವೂ ಮಾತಿನ ನಡುವೆ ಬರಬೇಕು.

ಕಾರ್ಕ್ ಜಿಲ್ಲೆಯ ಆಟಗಾರ ಶಾನ್ ಓಗ್ ಓ ಹಾಲ್ಪಿನ್ ಬಗ್ಗೆ ಅವರಾಡಿದ ಮಾತು ಮನೆಮಾತಾಯಿತು: ತಂದೆ ಫರ್ಮಾನಾದವರು, ತಾಯಿ ಫಿಜಿಯವರು, ಎರಡೂ ಹರ್ಲಿಂಗ್‌ಗೆ ಹೆಸರಾದ ಊರಲ್ಲ! ನಗುವಿನ ಜೊತೆಗೆ ಆಟಗಾರನ ಜೀವನ ಚರಿತ್ರೆಯೂ ಅದರಲ್ಲಿತ್ತು.

ಈ ಇಬ್ಬರನ್ನೂ ಬೆಸೆಯುವ ಇನ್ನೊಂದು ಎಳೆ ಐರಿಷ್ ಭಾಷೆ. ಸಂವಿಧಾನದ ಪ್ರಕಾರ ಅದು ದೇಶದ ಮೊದಲ ಅಧಿಕೃತ ಭಾಷೆ. ದಿನನಿತ್ಯದ ವ್ಯವಹಾರ ಬಹುಪಾಲು ಇಂಗ್ಲಿಷಿನಲ್ಲಿ. ಮೀಹಾಲ್‌ರ ಮನೆಯಲ್ಲೂ ಹೆಚ್ಚಾಗಿ ಇಂಗ್ಲಿಷೇ. ಮೈಕಲ್ ಮೊರಿಯಾರ್ಟಿ ಎಂಬ ಹುಡುಗ ಮೀಹಾಲ್ ಓ ಮುರ್ಹರ್ಟಿ ಆದದ್ದು 1945ರಲ್ಲಿ ಐರಿಷ್ ಮಾಧ್ಯಮದ ಶಾಲೆ ಸೇರಿದ ಮೇಲೆ. ಫಿಜಿಯಲ್ಲಿ ಹುಟ್ಟಿ, ಆಸ್ಟ್ರೇಲಿಯಾದಲ್ಲಿ ಬೆಳೆದ ಶಾನ್ ಓಗ್ ಕೂಡ ಬಾಲಕನಾಗಿ ಕಾರ್ಕ್‌ಗೆ ಬಂದ ನಂತರ ಅದನ್ನು ಕಲಿತವರು. 2005ರಲ್ಲಿ ಕಾರ್ಕ್ ತಂಡ ಅಖಿಲ ಐರ್ಲೆಂಡ್ ಹರ್ಲಿಂಗ್ ಪ್ರಶಸ್ತಿ ಗೆದ್ದಾಗ ನಾಯಕರಾಗಿದ್ದ ಅವರು, ಕ್ರೋಕ್ ಪಾರ್ಕ್‌ನ ಜನಸಾಗರದೆದುರು ಇಡೀ ಭಾಷಣವನ್ನು ಐರಿಷ್‌ನಲ್ಲೇ ಮಾಡಿದರು!

ಭಾಷಣ ಸ್ಪರ್ಧೆಯೆಂದರೆ ಬೆವರುವ ಮಕ್ಕಳಿಗೂ, ಮಾತುಗಾರಿಕೆ ಹುಟ್ಟಿನಿಂದಲೇ ಬರಬೇಕೆನ್ನುವ ಪೋಷಕರಿಗೂ ಇಲ್ಲೊಂದು ಸಮಾಧಾನವಿದೆ. ಇವರಿಬ್ಬರೂ ತಾವು ಗೆದ್ದ ಭಾಷೆಯನ್ನು ಕಷ್ಟಪಟ್ಟು ಕಲಿತವರು. ಅಂದ ಮೇಲೆ ಉರುಹೊಡೆದ ಸಾಲುಗಳಿಗಿಂತ, ಹೇಳಬೇಕಾದ ವಿಷಯವನ್ನೂ ಕೇಳುವ ಜನರನ್ನೂ ಅರಿಯುವುದು ಮೊದಲ ಪಾಠ.

ಮೀಹಾಲ್ 2010ರಲ್ಲಿ, 80ನೇ ವಯಸ್ಸಿನಲ್ಲಿ ಮೈಕ್ ಕೆಳಗಿಟ್ಟರು. 2024ರ ಜೂನ್‌ನಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಹರ್ಲಿಂಗ್ ಗೊತ್ತಿಲ್ಲದೆ ಮೈದಾನಕ್ಕೆ ಬಂದ ಹುಡುಗ, ಆ ಹೊತ್ತಿಗೆ ಹರ್ಲಿಂಗ್‌ನ ಧ್ವನಿಯೇ ಆಗಿದ್ದರು.