ಕುರುಬ ನೋಡುತ್ತಿರುವುದು ಯಾರನ್ನು?

ಬ್ರಸೆಲ್ಸ್‌ನ ರಾಯಲ್ ಮ್ಯೂಸಿಯಮ್ಮಿನಲ್ಲಿರುವ ಇಕಾರಸ್‌ನ ಪತನದ ಚಿತ್ರದಲ್ಲಿ ಅವನನ್ನೇ ಹುಡುಕಬೇಕು. ಕೆಂಪು ಅಂಗಿಯ ರೈತ ನೇಗಿಲ ಹಿಂದೆ ನಡೆದಿದ್ದಾನೆ. ಹಡಗು ಹೊರಟಿದೆ. ದಡದಲ್ಲೊಬ್ಬ ಮೀನು ಹಿಡಿಯುತ್ತಿದ್ದಾನೆ. ಬಲಮೂಲೆಯ ನೀರಲ್ಲಿ ಎರಡು ಕಾಲು ಒದ್ದಾಡುತ್ತಿವೆ. ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನತ್ತ ಹಾರಿ, ಮೇಣ ಕರಗಿ ಬಿದ್ದ ಗ್ರೀಕ್ ಹುಡುಗ ಅವನೇ. (ನಮ್ಮ ರಾಮಾಯಣದ ಸಂಪಾತಿ ರೆಕ್ಕೆ ಸುಟ್ಟುಕೊಂಡರೂ ಜೀವ ಉಳಿಸಿಕೊಂಡ.)

ನನ್ನನ್ನು ಕಾಡುವವನು ನಡುವಿನ ಕುರುಬ. ಕೋಲಿಗೆ ಒರಗಿ ಮುಗಿಲು ನೋಡುತ್ತಿದ್ದಾನೆ. ಮುಗಿಲಲ್ಲಿ ಏನೂ ಇಲ್ಲ. ಸೂರ್ಯನೋ ಆಗಲೇ ಅರ್ಧ ಮುಳುಗಿದ್ದಾನೆ. ಸಂಜೆಬಿಸಿಲಿಗೆ ಮೇಣ ಕರಗುವುದುಂಟೆ?

ಉತ್ತರ ಅದೇ ಊರಿನ ವ್ಯಾನ್ ಬ್ಯೂರನ್ ಮ್ಯೂಸಿಯಮ್ಮಿನಲ್ಲಿದೆ. 1935ರಲ್ಲಿ ಬೆಳಕಿಗೆ ಬಂದ, ಮರದ ಹಲಗೆಯ ಮೇಲಿನ ತುಸು ಚಿಕ್ಕ ಚಿತ್ರ. ಅದೇ ರೈತ, ಅದೇ ಕಡಲು. ಆದರೆ ಸೂರ್ಯ ನೆತ್ತಿಯ ಮೇಲಿದ್ದಾನೆ, ಆಕಾಶದಲ್ಲಿ ತಂದೆ ಡೇಡಲಸ್ ಹಾರುತ್ತಿದ್ದಾನೆ. ಕುರುಬನ ನೋಟಕ್ಕೆ ಗುರಿ ಸಿಕ್ಕಿತು.

ಎರಡೂ ಚಿತ್ರಕಾರ ಪೀಟರ್ ಬ್ರೂಗೆಲ್‌ನ ಕಳೆದುಹೋದ ಮೂಲದ ಪ್ರತಿಗಳು ಎಂಬುದು ಇಂದು ಹಲವು ವಿದ್ವಾಂಸರ ಮತ. ಅವನು ಸತ್ತದ್ದು 1569ರಲ್ಲಿ. 1912ರಲ್ಲಿ ರಾಯಲ್ ಮ್ಯೂಸಿಯಂ ಕೊಂಡ ಪ್ರತಿ ಕ್ಯಾನ್ವಾಸಿನ ಮೇಲಿದೆ. ಬ್ರೂಗೆಲ್‌ನ ತೈಲಚಿತ್ರಗಳೋ ಹಲಗೆಯವು. 1998ರಲ್ಲಿ ಪ್ರಕಟವಾದ ರೇಡಿಯೊಕಾರ್ಬನ್ ಪರೀಕ್ಷೆ, ಆ ಬಟ್ಟೆ ಅವನ ಕಾಲದ ನಂತರದ್ದು ಎಂಬ ತೀರ್ಮಾನಕ್ಕೆ ಬಂತು. ಬಣ್ಣದಡಿಯಲ್ಲಿ ಹಲಗೆಚಿತ್ರಗಳಿಗೆ ಹಚ್ಚುವಂಥ ಸೀಮೆಸುಣ್ಣದ ಲೇಪವಿದೆ, ಆದ್ದರಿಂದ ಹಲಗೆಯಿಂದ ಬಟ್ಟೆಗೆ ವರ್ಗಾಯಿಸಿದ ಮೂಲವೇ ಇರಬಹುದು ಎಂದು ವಾದಿಸುವವರೂ ಇದ್ದಾರೆ.

ಓಲೆಗರಿ ಪ್ರತಿಗಳನ್ನು ಎದುರುಬದುರು ಇಟ್ಟು ಪಾಠಾಂತರ ನೋಡುವವರಿಗೆ ಈ ಕಷ್ಟ ಗೊತ್ತು. ಒಬ್ಬ ಲಿಪಿಕಾರ ಸಾಲು ಬಿಡುತ್ತಾನೆ, ಇನ್ನೊಬ್ಬ ಅರ್ಥವಾಗಲೆಂದು ಸೇರಿಸುತ್ತಾನೆ. ಡೇಡಲಸ್ ಬಿಟ್ಟುಹೋದವನೋ, ಸೇರಿಸಿದವನೋ? ರೋಮನ್ ಕವಿ ಓವಿಡ್‌ನ ಕಥೆಯಲ್ಲಿ ರೈತ, ಕುರುಬ, ಬೆಸ್ತ ಮೂವರೂ ಹಾರುವವರನ್ನು ಕಂಡು ದೇವರೆಂದುಕೊಳ್ಳುತ್ತಾರೆ. ಮೂಲದಲ್ಲಿ ತಂದೆ ಇದ್ದನೆಂದೇ ನನಗನಿಸುತ್ತದೆ; ಕುರುಬನ ಎತ್ತಿದ ಕತ್ತೇ ಅದಕ್ಕೆ ಸಾಕ್ಷಿ.

ಹಾಗಿದ್ದೂ ಮನಸ್ಸು ಒಲಿಯುವುದು ಬರಿದಾದ ಆಕಾಶಕ್ಕೆ. 1938ರಲ್ಲಿ ಬ್ರಸೆಲ್ಸ್‌ನಲ್ಲಿದ್ದ ಕವಿ ಆಡೆನ್‌ಗೆ ಪದ್ಯ ಬರೆಸಿದ್ದು ಈ ಪ್ರತಿಯೇ. ಅಪ್ಪ ಮೇಲೆ ಹಾರುತ್ತಿದ್ದರೆ ಮಗನಿಗೆ ಒಬ್ಬನಾದರೂ ದಿಕ್ಕಿದ್ದಾನೆ. ಇಲ್ಲಿ ಕುರುಬ ಬೆನ್ನುಹಾಕಿ ಮುಗಿಲು ನೋಡುತ್ತಾನೆ, ಅವನ ಹಿಂದೆ ಕಾಲುಗಳು ಮುಳುಗುತ್ತಿವೆ.