ಓಟು ಬಿತ್ತು, ಖುರ್ಚಿ ಬರಲಿಲ್ಲ!

ಚಾಮರಾಜನಗರ: ಈ ಊರಿಗೆ ಕಾಲಿಟ್ಟರೆ ಮುಖ್ಯಮಂತ್ರಿಗಳ ಖುರ್ಚಿ ಹೋಗುತ್ತದೆ ಎಂಬ ಮಾತು ಹಳೆಯದು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಬೆರಳು ಮಡಿಸಿ ಲೆಕ್ಕ ಒಪ್ಪಿಸುವವರು ಇಲ್ಲಿನ ಯಾವ ಹೋಟೆಲಿನ ಬೆಂಚಿನ ಮೇಲಾದರೂ ಸಿಗುತ್ತಾರೆ. 1997ರ ಆಗಸ್ಟ್‌ನಲ್ಲಿ ಮೈಸೂರಿನಿಂದ ಕತ್ತರಿಸಿ ಹೊಸ ಜಿಲ್ಲೆ ಮಾಡಿದಾಗ ಜೆ.ಎಚ್. ಪಟೇಲರು ಜಿಲ್ಲಾ ಕೇಂದ್ರದ ಗೊಡವೆಗೆ ಬಾರದೆ ಮಲೆ ಮಹದೇಶ್ವರ ಬೆಟ್ಟದಲ್ಲೇ ಉದ್ಘಾಟನೆ ಮುಗಿಸಿಕೊಂಡು ಹೋದರು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಹೋಗಿಯೂ 5 ವರ್ಷ ಪೂರೈಸಿದ ಮೇಲೆ ಆ ಕಥೆಗೆ ಎಳ್ಳುನೀರು ಬಿಟ್ಟಂತಾಯಿತು.

ಬೆಂಗಳೂರಿನವರ ಖುರ್ಚಿಯ ಮಾತು ಹಾಗಿರಲಿ. ಈ ಊರಿನವರೇ ಬಿಸಿಲಲ್ಲಿ ಸಾಲು ನಿಂತು, ಬೆರಳಿಗೆ ಮಸಿ ಬಳಿಸಿಕೊಂಡು ಆರಿಸಿದವರ ಖುರ್ಚಿ ಏನಾಯಿತು ಎಂದು ಕೇಳುವವರು ಕಡಿಮೆ. ಜಿಲ್ಲೆಗೆ ಶಾಪ ತಟ್ಟಿದ್ದರೆ ಅದು ತಟ್ಟಿರುವುದು ಅಲ್ಲಿಗೆ.

ಚಾಮರಾಜನಗರ ನಗರಸಭೆಯ 31 ವಾರ್ಡುಗಳಿಗೆ ಮತದಾನ ನಡೆದದ್ದು 2018ರ ಆಗಸ್ಟ್ 31ರಂದು. ಬಿಜೆಪಿಗೆ 15, ಕಾಂಗ್ರೆಸ್ಸಿಗೆ 8, ಎಸ್‌ಡಿಪಿಐಗೆ 6, ಬಿಎಸ್‌ಪಿಗೆ 1, ಪಕ್ಷೇತರರಿಗೆ 1. ಯಾರಿಗೂ ಪೂರ್ತಿ ಬಹುಮತ ಇಲ್ಲ. ನಗರಸಭೆಯಲ್ಲಿ ಶಾಸಕರಿಗೂ ಸಂಸದರಿಗೂ ಓಟು ಇರುವುದರಿಂದ ಒಟ್ಟು ಓಟು 33, ಗೆಲ್ಲಲು ಬೇಕಾದದ್ದು 17. ಇಂಥ ಫಲಿತಾಂಶ ಬಂದರೆ ಊರಿಗೆ ಹಬ್ಬ. ಆ ಒಬ್ಬರು ಯಾವ ಕಡೆ, ಈ ಒಬ್ಬರು ಯಾವ ಕಡೆ, ಯಾರನ್ನು ಯಾವ ರೆಸಾರ್ಟಿಗೆ ಕರೆದುಕೊಂಡು ಹೋದರು ಎಂಬ ಗುಸುಗುಸು ಶುರುವಾಯಿತು. ಗೆದ್ದವರು ಹೊಸ ಬಿಳಿ ಷರಟು ಹೊಲಿಸಿಕೊಂಡರು, ಚಾಮರಾಜೇಶ್ವರನಿಗೆ ಪೂಜೆ ಮಾಡಿಸಿದರು. ಆಮೇಲೆ ಏನೂ ಆಗಲಿಲ್ಲ.

ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಕ್ಕೆ ಸರ್ಕಾರ ಮೀಸಲಾತಿ ಪಟ್ಟಿ ಹೊರಡಿಸಬೇಕು. ಪಟ್ಟಿ ಬಂತು, ಬದಲಾಯಿತು, ರಾಜ್ಯದ ಯಾವುದೋ ಮೂಲೆಯಿಂದ ಯಾರೋ ಹೈಕೋರ್ಟಿಗೆ ಹೋದರು, ತಡೆ ಬಂತು. ಮತ್ತೆ ಪಟ್ಟಿ, ಮತ್ತೆ ಕೋರ್ಟು. ಈ ಮಧ್ಯೆ ಕುಮಾರಸ್ವಾಮಿ ಸರ್ಕಾರ ಬಿದ್ದು ಯಡಿಯೂರಪ್ಪ ಸರ್ಕಾರ ಬಂತು, 2019ರ ಲೋಕಸಭಾ ಚುನಾವಣೆ ಮುಗಿಯಿತು, ಕೊರೋನಾ ಬಂತು. ಅಧ್ಯಕ್ಷರ ಚುನಾವಣೆ ಇಲ್ಲದೆ ಮೊದಲ ಸಭೆ ಇಲ್ಲ, ಮೊದಲ ಸಭೆ ಇಲ್ಲದೆ ಪ್ರಮಾಣವಚನ ಇಲ್ಲ. ಅಂದರೆ ಗೆದ್ದವರು ಗೆದ್ದೂ ಮೆಂಬರಲ್ಲ. ಕೊನೆಗೆ ಅಧ್ಯಕ್ಷರ ಆಯ್ಕೆಯಾಗಿ ಅಧಿಕಾರ ಬಿಜೆಪಿ ಪಾಲಾದದ್ದು 2020ರ ನವೆಂಬರ್‌ನಲ್ಲಿ. ಓಟು ಹಾಕಿ 2 ವರ್ಷ ಕಳೆದು ಮೇಲೆ 2 ತಿಂಗಳಾಗಿತ್ತು.

ಆ ಎರಡು ವರ್ಷ ಈ ಮಹಾಶಯರು ಅನುಭವಿಸಿದ್ದು ಯಾವ ಶತ್ರುವಿಗೂ ಬೇಡ. ವಾರ್ಡಿನವರು ಸುಮ್ಮನಿರುತ್ತಾರೆಯೇ? "ಗೆದ್ದಿದ್ದೀಯಲ್ಲಪ್ಪ, ನಲ್ಲೀಲಿ ನೀರ್ ಬುಡ್ಸು" ಎಂದು ಬೆಳಿಗ್ಗೆ ಬಾಗಿಲು ತಟ್ಟುವುದು ತಪ್ಪಿದ್ದಲ್ಲ. ಮೀಸಲಾತಿ, ಹೈಕೋರ್ಟು, ತಡೆಯಾಜ್ಞೆ ಎಂದು ಚರಂಡಿ ಕಟ್ಟಿಕೊಂಡ ಮನೆಯವರಿಗೆ ವಿವರಿಸುವುದು ಹೇಗೆ? ನಗರಸಭೆಗೆ ಹೋದರೆ ಅಧಿಕಾರಿ ಖುರ್ಚಿ ತೋರಿಸಿ ಕೂರಿಸಬಹುದು, ಮಾತು ಕೇಳಲೇಬೇಕೆಂಬ ಕಟ್ಟುಪಾಡೇನೂ ಅವರಿಗಿಲ್ಲ. ಆಡಳಿತಾಧಿಕಾರಿಯ ಸಹಿ ಸಾಕು, ಬಜೆಟ್ಟೂ ಪಾಸಾಗುತ್ತದೆ, ಟೆಂಡರೂ ಆಗುತ್ತದೆ. ಊರಿನ ದುಡ್ಡು ಖರ್ಚಾಗಲು ಊರಿನವರ ಪ್ರತಿನಿಧಿ ಬೇಕಿಲ್ಲ ಎಂಬುದನ್ನು ಆ ಎರಡು ವರ್ಷ ಚೆನ್ನಾಗಿ ತೋರಿಸಿಕೊಟ್ಟಿತು.

ಗುಂಡ್ಲುಪೇಟೆಯ ಕಥೆ ಬೇರೆಯಲ್ಲ. ಅಲ್ಲಿನ ಪುರಸಭೆಯ 23 ವಾರ್ಡುಗಳಿಗೆ 2019ರ ಮೇ 29ರಂದು ಚುನಾವಣೆ. ಬಿಜೆಪಿ 13, ಕಾಂಗ್ರೆಸ್ 8, ಎಸ್‌ಡಿಪಿಐ 1, ಪಕ್ಷೇತರ 1. ಇಲ್ಲಿ ಲೆಕ್ಕದ ಗೊಂದಲ ಇರಲಿಲ್ಲ, ಸ್ಪಷ್ಟ ಬಹುಮತ. ಆದರೂ ಖುರ್ಚಿ ಮೇಲೆ ಕೂರಲು 2020ರ ಕೊನೆಯವರೆಗೆ ಕಾಯಬೇಕಾಯಿತು. ಮತದಾರ ನಿಚ್ಚಳವಾಗಿ ಹೇಳಿದರೂ ಅಷ್ಟೆ, ಅರೆಬರೆ ಹೇಳಿದರೂ ಅಷ್ಟೆ.

ಕೂತ ಮೇಲಾದರೂ ನೆಮ್ಮದಿಯೇ? ಅಧ್ಯಕ್ಷಗಿರಿಯ ಒಂದು ಅವಧಿ 30 ತಿಂಗಳು. ಮೊದಲ ಅವಧಿ 2023ರ ಬೇಸಿಗೆಯಲ್ಲಿ ಮುಗಿಯಿತು. ವಿಧಾನಸಭಾ ಚುನಾವಣೆಯೂ ಮುಗಿದು ಸರ್ಕಾರ ಬದಲಾಗಿ ಸಿದ್ದರಾಮಯ್ಯನವರು ಮತ್ತೆ ಬಂದಿದ್ದರು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಮತ್ತೆ ಅಧಿಕಾರಿಗಳ ರಾಜ್ಯಭಾರ. ಬಿಜೆಪಿ ಸರ್ಕಾರವಿದ್ದಾಗ ಕಾಂಗ್ರೆಸ್ಸಿನವರು ಪ್ರಜಾಪ್ರಭುತ್ವದ ಕಗ್ಗೊಲೆ ಎಂದರು, ಕಾಂಗ್ರೆಸ್ ಸರ್ಕಾರ ಬಂದಾಗ ಬಿಜೆಪಿಯವರು ಅದೇ ಹಾಳೆ ತೆಗೆದು ಓದಿದರು. ಕಾರ್ಬನ್ ಕಾಪಿ ಎಂದರೆ ಇದು.

ಮಸಾಲೆಯೆಲ್ಲ ಹಳ್ಳಿಯಲ್ಲಿ

ಪಟ್ಟಣ ಬಿಟ್ಟು ಹಳ್ಳಿ ಕಡೆ ಹೊರಟರೆ ಚಿತ್ರವೇ ಬೇರೆ. ತೆರಕಣಾಂಬಿ, ಬೇಗೂರು, ಹಂಗಳ, ಕಬ್ಬಹಳ್ಳಿ ಕಡೆಯಾಗಲಿ, ಇತ್ತ ಹರದನಹಳ್ಳಿ, ಹರವೆ, ಸಂತೇಮರಹಳ್ಳಿ, ಚಂದಕವಾಡಿ ಕಡೆಯಾಗಲಿ, ಗ್ರಾಮ ಪಂಚಾಯ್ತಿ ಚುನಾವಣೆ ಎಂದರೆ ಎಂಎಲ್‌ಎ ಚುನಾವಣೆ ಅದರ ಮುಂದೆ ಸಪ್ಪೆ. ಎಂಎಲ್‌ಎ ಓಟಿನಲ್ಲಿ ಅಣ್ಣ ಒಂದು ಪಾರ್ಟಿ, ತಮ್ಮ ಒಂದು ಪಾರ್ಟಿ ಆದರೂ ರಾತ್ರಿ ಒಂದೇ ಜಗಲಿಯಲ್ಲಿ ಮಲಗುತ್ತಾರೆ. ಪಂಚಾಯ್ತಿ ಓಟು ಬಂದರೆ ಜಗಲಿಯ ಮಧ್ಯೆ ಗೋಡೆ ಏಳುತ್ತದೆ. 20 ಓಟಿನಲ್ಲಿ ಸೋತವನಿಗೆ ಆ 20 ಓಟು ಯಾರ ಮನೆಯದು ಎಂಬುದು ಗೊತ್ತಿರುತ್ತದೆ, ಅದೇ ತಾಪತ್ರಯ.

2020ರ ಡಿಸೆಂಬರ್ 22ರಂದು, ಕೊರೋನಾದ ನಡುವೆಯೇ, ಮೊದಲ ಹಂತದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲೂಕುಗಳು ಓಟು ಹಾಕಿದವು. ಕೊಳ್ಳೇಗಾಲ, ಹನೂರು, ಯಳಂದೂರಿನವು 27ರಂದು. 30ಕ್ಕೆ ಎಣಿಕೆ. ಬೀದರ್ ಜಿಲ್ಲೆಯಲ್ಲಿ ಮಾತ್ರ ಮೆಷಿನ್ನು, ಉಳಿದ ಕಡೆಯಂತೆ ಇಲ್ಲಿಯೂ ಹಳೆಯ ಕಾಗದವೇ. ಕಾನೂನಿನ ಪ್ರಕಾರ ಪಕ್ಷದ ಚಿಹ್ನೆ ಇಲ್ಲ. ಟ್ರಾಕ್ಟರು, ಆಟೋ, ಹೊಲಿಗೆ ಯಂತ್ರದಂಥ ಗುರುತು. ಪಕ್ಷವಿಲ್ಲ ಎಂದು ಯಾರಾದರೂ ನಂಬಿದ್ದರೆ ಎಣಿಕೆಯ ದಿನ ಸಂಜೆ ಎರಡೂ ಪಕ್ಷದ ಕಚೇರಿಗಳು ಕೊಡುವ ಹೇಳಿಕೆ ಓದಬೇಕು. ಎರಡನ್ನೂ ಕೂಡಿದರೆ ಗೆದ್ದವರ ಸಂಖ್ಯೆ ಇರುವ ಸ್ಥಾನಕ್ಕಿಂತ ಜಾಸ್ತಿಯಾಗುತ್ತದೆ!

ಒಂದೇ ಕ್ಷೇತ್ರಕ್ಕೆ ಎರಡು, ಮೂರು ಸ್ಥಾನ ಇರುವುದುಂಟು. ಸ್ಥಾನಕ್ಕೊಂದರಂತೆ ಮುದ್ರೆ ಒತ್ತಬೇಕು. ವಯಸ್ಸಾದವರು ಒಂದಕ್ಕೆ ಒತ್ತಿ ಬರುತ್ತಾರೆ, ಕೆಲವರು ಎಲ್ಲರಿಗೂ ಒಳ್ಳೆಯದಾಗಲಿ ಎಂದು ಎಲ್ಲಕ್ಕೂ ಒತ್ತಿ ಬರುತ್ತಾರೆ. ಅವು ತಿರಸ್ಕೃತ. ಓಟು ಸಮ ಬಂದರೆ ಚೀಟಿ ಎತ್ತುವುದು. ಚೀಟಿ ಎತ್ತುವ ಮೇಜಿನ ಸುತ್ತ ನಿಂತವರ ಮುಖ ನೋಡಿದವರಿಗೆ ಪಂಚಾಯ್ತಿ ಎಂದರೆ ಏನು ಎಂದು ಬೇರೆ ಪುಸ್ತಕ ಓದಬೇಕಿಲ್ಲ.

ಇಷ್ಟು ಜೀವ ಬಿಡುವುದೇಕೆ? ಮನೆ ಪಟ್ಟಿಗೆ ಹೆಸರು ಸೇರಬೇಕು, ಉದ್ಯೋಗ ಖಾತ್ರಿ ಕೆಲಸ ಸಿಗಬೇಕು, ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ನಾಳೆ ರಿಪೇರಿಯಾಗಬೇಕು, ಬೀದಿ ದೀಪ ಉರಿಯಬೇಕು, ಖಾತೆ ಆಗಬೇಕು. ಬಂಡೀಪುರದ ಅಂಚಿನ ಊರುಗಳಲ್ಲಿ ಬೀದಿ ದೀಪ ಎಂದರೆ ಶೋಕಿಯಲ್ಲ. ಆನೆಯೋ ಹಂದಿಯೋ ಎದುರಿಗೆ ನಿಂತಿದೆ ಎಂದು ಕಾಣಲು ಬೇಕಾದ ಬೆಳಕು ಅದು.

ಹೆಣ್ಣುಮಕ್ಕಳ ಪಾಲೂ ಇದೆ. 1987ರಲ್ಲಿ ನೂರಕ್ಕೆ 25, 1993ರ ಕಾಯ್ದೆಯಲ್ಲಿ ಮೂರರಲ್ಲಿ ಒಂದು, 2010ರಿಂದ ಅರ್ಧ. ಆದರೆ ಸಭೆಗೆ ಬರುವ ಬೈಕಿನ ಮುಂದಿನ ಸೀಟಿನಲ್ಲಿ "ಮೆಂಬರ್ ಯಜಮಾನರು" ಇರುತ್ತಾರೆ. ಇದು ಎಲ್ಲ ಜಿಲ್ಲೆಯ ರೋಗ, ಒಪ್ಪೋಣ. ಗುಂಡ್ಲುಪೇಟೆಗೆ ಮಾತ್ರ ಈ ರೋಗ ಶೋಭೆ ತರುವುದಿಲ್ಲ. 1957ರಲ್ಲೇ ಕೆ.ಎಸ್. ನಾಗರತ್ನಮ್ಮನವರನ್ನು ವಿಧಾನಸಭೆಗೆ ಕಳಿಸಿದ ತಾಲೂಕು ಇದು. ಒಟ್ಟು 7 ಸಲ ಗೆದ್ದವರು ಅವರು, 1972ರಲ್ಲಿ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದವರು. ಅವರ ಯಜಮಾನರು ಯಾರು ಎಂದು ಯಾರೂ ಕೇಳಿರಲಿಲ್ಲ.

ಮಧ್ಯದ ಮೆಟ್ಟಿಲೇ ಇಲ್ಲ

ಹಳ್ಳಿಯಲ್ಲಿ ಮೆಂಬರಿದ್ದಾರೆ, ಬೆಂಗಳೂರಿನಲ್ಲಿ ಎಂಎಲ್‌ಎ ಇದ್ದಾರೆ. ಮಧ್ಯೆ ಯಾರಿದ್ದಾರೆ? ಇರಬೇಕಾದವರು ತಾಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಸದಸ್ಯರು. ಶಾಲೆಯ ಮಾಡು ಸೋರುವುದು, ಆಸ್ಪತ್ರೆಗೆ ಡಾಕ್ಟರು ಬಾರದಿರುವುದು, ಹಾಸ್ಟೆಲಿನ ಊಟ, ಅಂಗನವಾಡಿ, ಐದಾರು ಊರಿಗೆ ಒಟ್ಟಿಗೆ ಕುಡಿಯುವ ನೀರು, ಇವು ಒಂದು ಗ್ರಾಮ ಪಂಚಾಯ್ತಿಯ ಕೈಗೆ ಎಟುಕುವ ಕೆಲಸಗಳಲ್ಲ. ಅದಕ್ಕೇ ಮೇಲಿನ ಎರಡು ಮೆಟ್ಟಿಲು.

1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗೆ ಚುನಾವಣೆ ನಡೆದಾಗ ಈ ಎರಡೂ ತಾಲೂಕು ಮೈಸೂರು ಜಿಲ್ಲೆಯಲ್ಲಿದ್ದವು. ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಕಟ್ಟಿದ ವ್ಯವಸ್ಥೆ. ಊರೂರಿಗೆ ಕೊಳವೆ ಬಾವಿ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು, ಪರಿಷತ್ತಿನ ಮುಖ್ಯ ಕಾರ್ಯದರ್ಶಿಯನ್ನು ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನಾಗಿ ಮಾಡಿದರು. ಶಾಸಕರಿಗೆ ಹೊಟ್ಟೆ ಉರಿಯಿತು ಎಂಬುದು ಅಂದಿನವರ ಅಂಬೋಣ. 1988ರಲ್ಲಿ ನಜೀರ್ ಸಾಬ್ ತೀರಿಕೊಂಡರು, 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದರು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಎಂದು ಸಂವಿಧಾನಕ್ಕೇ 73ನೇ ತಿದ್ದುಪಡಿ ತಂದದ್ದು ಇಂಥದ್ದು ಮತ್ತೆ ಆಗದಿರಲಿ ಎಂದೇ.

ಈಗಿನ ಲೆಕ್ಕ ನೋಡಿ. ಚಾಮರಾಜನಗರ ಜಿಲ್ಲಾ ಪಂಚಾಯ್ತಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 23 ಸ್ಥಾನದಲ್ಲಿ ಕಾಂಗ್ರೆಸ್ 14, ಬಿಜೆಪಿ 9. 2021ರಲ್ಲಿ ಅವಧಿ ಮುಗಿಯಿತು. ಅದೇ ವರ್ಷ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಸರ್ಕಾರ ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟಿತು. ಹಿಂದುಳಿದ ವರ್ಗದ ಮೀಸಲಾತಿಗೆ ಅಂಕಿಅಂಶ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಬಂತು, 2022ರ ಜುಲೈನಲ್ಲಿ ವರದಿಯನ್ನೂ ಕೊಟ್ಟಿತು. ವಿಳಂಬಕ್ಕೆ ಬೇಸತ್ತ ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಐದು ಲಕ್ಷ ಕಟ್ಟುವುದು ಸರ್ಕಾರಕ್ಕೆ ಕಷ್ಟವೇ? 2023 ಹೋಯಿತು, 2024 ಹೋಯಿತು, ಚುನಾವಣೆ ಆಗಲಿಲ್ಲ. ಇದರಲ್ಲಿ ಬೊಮ್ಮಾಯಿಯವರ ಸರ್ಕಾರಕ್ಕೂ ಪಾಲಿದೆ, ಸಿದ್ದರಾಮಯ್ಯನವರ ಸರ್ಕಾರಕ್ಕೂ ಪಾಲಿದೆ. 15ನೇ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿದೆ. ಆದ್ದರಿಂದ ಸದಸ್ಯರಿಲ್ಲದ ಪಂಚಾಯ್ತಿಗೆ ಹೋದದ್ದು ಬರೀ ಮರ್ಯಾದೆಯಲ್ಲ, ಕಾಸು ಕೂಡ.

ಚುನಾವಣೆ ತಡವಾದರೆ ನಷ್ಟ ಯಾರಿಗೆ, ಲಾಭ ಯಾರಿಗೆ ಎಂದು ಲೆಕ್ಕ ಹಾಕಲು ದೊಡ್ಡ ಓದು ಬೇಕಿಲ್ಲ. ಜಿಲ್ಲಾ ಪಂಚಾಯ್ತಿ ಸದಸ್ಯನೆಂದರೆ ನಾಳೆಯ ಟಿಕೆಟ್ ಆಕಾಂಕ್ಷಿ. ಅವನಿಲ್ಲದಿದ್ದರೆ ರಸ್ತೆ ಗುದ್ದಲಿ ಪೂಜೆಗೂ ಶಾಸಕರೇ, ಶಾಲೆ ಕೊಠಡಿ ಟೇಪು ಕತ್ತರಿಸಲೂ ಶಾಸಕರೇ. ಪ್ರಗತಿ ಪರಿಶೀಲನಾ ಸಭೆಯಲ್ಲಿ ವೇದಿಕೆ ಮೇಲೆ ಖುರ್ಚಿ ಕಡಿಮೆ, ಎದುರಿಗೆ ಪ್ರಶ್ನೆಯೂ ಕಡಿಮೆ. ವಿಧಾನಸಭೆಯಲ್ಲಿ ಯಾವ ಪಕ್ಷದವರೂ ಇದಕ್ಕಾಗಿ ಬಾವಿಗಿಳಿದು ವಾರಗಟ್ಟಲೆ ಕೂರದಿರುವುದರ ಗುಟ್ಟು ಇಷ್ಟೇ ಇರಬಹುದು.

ಹಳ್ಳಿಯವನಿಗೆ ಆಗುವ ತೊಂದರೆ ನೇರವಾದದ್ದು. ಮೊದಲು ಮದ್ದೂರಿನವನೋ ಉಡಿಗಾಲದವನೋ ತನ್ನ ಕ್ಷೇತ್ರದ ಜಿಲ್ಲಾ ಪಂಚಾಯ್ತಿ ಸದಸ್ಯನನ್ನು ಸಂತೆಯಲ್ಲೋ ಮದುವೆ ಮನೆಯಲ್ಲೋ ಹಿಡಿದು ಕೇಳಬಹುದಿತ್ತು. ಈಗ ಶಾಸಕರು ಊರಿನಲ್ಲಿರುವ ದಿನ ವಿಚಾರಿಸಿ, ಬಸ್ಸು ಹಿಡಿದು, ಮನೆ ಮುಂದೆ ನೂರು ಜನದ ನಡುವೆ ಅರ್ಜಿ ಹಿಡಿದು ನಿಲ್ಲಬೇಕು. ದಿನದ ಕೂಲಿ ಹೋಯಿತು. ಅರ್ಜಿ ಪಿಎ ಕೈ ಸೇರಿತು. ಮುಂದಿನದು ಮಾದಪ್ಪನಿಗೇ ಗೊತ್ತು.

2024ರ ಏಪ್ರಿಲ್ 26ರಂದು ಇದೇ ಜಿಲ್ಲೆಯ ಹನೂರು ತಾಲೂಕಿನ ಇಂಡಿಗನತ್ತದಲ್ಲಿ ರಸ್ತೆ, ನೀರು, ಕರೆಂಟು ಇಲ್ಲವೆಂದು ಲೋಕಸಭಾ ಮತದಾನ ಬಹಿಷ್ಕರಿಸಿ, ಗಲಾಟೆಯಾಗಿ, ಮತಗಟ್ಟೆ ಧ್ವಂಸವಾಗಿ, 29ಕ್ಕೆ ಮರುಮತದಾನ ನಡೆಸಬೇಕಾಯಿತು. ಮೆಷಿನ್ನು ಒಡೆದದ್ದು ತಪ್ಪೇ. ಆದರೆ ಆ ಕಾಡೂರಿನವರು ತಮ್ಮ ಕಷ್ಟ ಹೇಳಿಕೊಳ್ಳಲು ಪಾರ್ಲಿಮೆಂಟ್ ಚುನಾವಣೆಯ ದಿನವನ್ನೇ ಕಾಯಬೇಕಾಯಿತಲ್ಲ, ಅದು ಯಾರ ತಪ್ಪು?

2016ರ ಜಿಲ್ಲಾ ಪಂಚಾಯ್ತಿ ಚುನಾವಣೆಯಲ್ಲಿ ಅಪ್ಪನ ಕೈ ಹಿಡಿದು ಮತಗಟ್ಟೆಗೆ ಹೋಗಿದ್ದ 12 ವರ್ಷದ ಹುಡುಗ 2020ರ ಗ್ರಾಮ ಪಂಚಾಯ್ತಿ ಓಟಿನ ಹೊತ್ತಿಗೆ ಇನ್ನೂ 18 ತುಂಬಿರಲಿಲ್ಲ. 2023ರಲ್ಲಿ ಎಂಎಲ್‌ಎಗೆ ಹಾಕಿದ, 2024ರಲ್ಲಿ ಎಂಪಿಗೆ ಹಾಕಿದ. ಆ ಹೊತ್ತಿಗೆ ಅವನಿಗೆ 20 ವರ್ಷ. ತನ್ನ ಊರಿನ ಶಾಲೆಯ ಮಾಡು ಯಾರು ರಿಪೇರಿ ಮಾಡಿಸಬೇಕು ಎಂದು ತೀರ್ಮಾನಿಸುವ ಓಟು ಮಾತ್ರ ಅವನ ಕೈಗೆ ಇನ್ನೂ ಸಿಕ್ಕಿರಲಿಲ್ಲ.